ರೇವಾ ಕಾರಿನ ಪಹಣಿ

ನಮ್ಮ ಕಡೆ ಗದ್ದೆಯ ಮಾತು ಬಂದರೆ ಪಹಣಿಯ ಮಾತು ಬಂದೇ ಬರುತ್ತದೆ. ಸನವಳ್ಳಿಯಂಥ ಊರಿನಲ್ಲಿ ಓದು ಬಾರದ ಮುದುಕರಿಗೂ ಅದರ ಕಲಮುಗಳು ಬಾಯಿಪಾಠ. ಒಂಬತ್ತರಲ್ಲಿ ಒಡೆಯನ ಹೆಸರು, ಹನ್ನೊಂದರಲ್ಲಿ ಸಾಲ ಮತ್ತು ಇತರರ ಹಕ್ಕು, ಹನ್ನೆರಡರಲ್ಲಿ ಸಾಗುವಳಿ ಮಾಡುವವನ ಹೆಸರು. ೧೯೭೪ರ ಭೂಸುಧಾರಣೆಯಲ್ಲಿ ಈ ಜಿಲ್ಲೆಯ ಎಷ್ಟೋ ಗೇಣಿದಾರರು ಒಡೆಯರಾದದ್ದು ಉಳುವವರು ತಾವೇ ಎಂದು ತೋರಿಸಿಕೊಟ್ಟು. ಒಡೆತನವೆಂದರೆ ಬರೀ ಒಂದು ಹೆಸರಲ್ಲ ಎಂಬ ಈ ತಿಳಿವಳಿಕೆ ವಿದ್ಯುತ್ ಕಾರಿನ ಚರಿತ್ರೆಗೂ ಸಲ್ಲುತ್ತದೆ.

ಇಂದು ಈ ಕಾರುಗಳ ವಿಷಯದಲ್ಲಿ ದೇಶದೇಶಗಳ ನಡುವೆ ಜಿದ್ದು ನಡೆದಿದೆ. ಚೀನಾದಲ್ಲಿ ತಯಾರಾದ ವಿದ್ಯುತ್ ಕಾರುಗಳ ಮೇಲೆ ೨೦೨೪ರಲ್ಲಿ ಅಮೆರಿಕ ನೂರಕ್ಕೆ ನೂರು ಸುಂಕ ಹೇರಿತು. ಅದೇ ವರ್ಷ ಯುರೋಪಿನ ಒಕ್ಕೂಟವೂ ಹೆಚ್ಚುವರಿ ಸುಂಕ ಹಾಕಿತು. ನೆರೆಯ ದೇಶಗಳ ಬಂಡವಾಳ ಬರಬೇಕಾದರೆ ಸರ್ಕಾರದ ಒಪ್ಪಿಗೆ ಬೇಕೆಂಬ ನಿಯಮವನ್ನು ಭಾರತ ೨೦೨೦ರಲ್ಲಿಯೇ ತಂದಿತ್ತು. ಇಷ್ಟು ಕೇಳಿದ ಮಕ್ಕಳು, "ಅಕ್ಕೋರೆ, ಹಾಗಾದ್ರೆ ನಮ್ಮ ಕಾರು ಯಾವುದು?" ಎನ್ನುತ್ತಾರೆ. ನಾನು ಬೆಂಗಳೂರಿನ ರೇವಾದ ಕಥೆ ಹೇಳುತ್ತೇನೆ.

ಮೈನಿ ಸಮೂಹವು ಅಮೆರಿಕದ ಅಮೆರಿಗಾನ್ ಎಂಬ ಕಂಪನಿಯೊಡನೆ ಸೇರಿ ರೇವಾ ಕಂಪನಿಯನ್ನು ಕಟ್ಟಿದ್ದು ೧೯೯೪ರಲ್ಲಿ. ಚೇತನ್ ಮೈನಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೂರ್ಯಶಕ್ತಿಯ ಕಾರು ಕಟ್ಟಿದ ತಂಡದಲ್ಲಿದ್ದವರು. ಕಾರಿಗೆ ಇಟ್ಟದ್ದು ತಾಯಿಯ ಹೆಸರು. ೨೦೦೧ರಲ್ಲಿ ಮಾರಾಟಕ್ಕೆ ಬಂದ ಆ ಪುಟ್ಟ ಕಾರಿಗೆ ಎರಡೇ ಬಾಗಿಲು. ದೊಡ್ಡವರು ಇಬ್ಬರು, ಹಿಂದೆ ಮಕ್ಕಳಿಬ್ಬರು ಕೂಡಬಹುದು. ಸೀಸದ ಬ್ಯಾಟರಿಗಳನ್ನು ಒಮ್ಮೆ ಚಾರ್ಜ್ ಮಾಡಿದರೆ ಸುಮಾರು ೮೦ ಕಿಲೋಮೀಟರ್ ಓಡುತ್ತಿತ್ತು.

ಹುಟ್ಟೂರಿನಲ್ಲಿ ಅದನ್ನು ಕೊಂಡವರು ಕಡಿಮೆ. ಲಂಡನ್ನಿನಲ್ಲಿ ಮಾತ್ರ ಅದಕ್ಕೆ ಗಿರಾಕಿಗಳು ಸಿಕ್ಕರು. ಅಲ್ಲಿ ೨೦೦೩ರಿಂದ ನಗರದ ನಡುಭಾಗಕ್ಕೆ ಬರುವ ವಾಹನಗಳು ದಿನವೂ ಶುಲ್ಕ ಕಟ್ಟಬೇಕಿತ್ತು, ವಿದ್ಯುತ್ ಕಾರುಗಳಿಗೆ ಅದರಿಂದ ವಿನಾಯಿತಿಯಿತ್ತು. ಹೀಗಾಗಿ ಬೆಂಗಳೂರಿನ ರೇವಾ ಅಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಒಂದು ಕಾಲಕ್ಕೆ ನಮ್ಮನ್ನಾಳಿದವರ ರಾಜಧಾನಿಯಲ್ಲಿ ನಮ್ಮವರು ಕಟ್ಟಿದ ಕಾರು ಎಂದಾಗ ಮಕ್ಕಳ ಮುಖ ಅರಳುತ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ೨೦೦೯ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ರೇವಾದೊಡನೆ ಕೂಡಿ ಭಾರತಕ್ಕೆ ವಿದ್ಯುತ್ ಕಾರು ತಯಾರಿಸುವುದಾಗಿ ಹೇಳಿತು. ೨೦೧೦ರ ಮೇ ತಿಂಗಳಲ್ಲಿ ಮುಂಬಯಿಯ ಮಹೀಂದ್ರ ರೇವಾದ ಶೇಕಡ ೫೫ಕ್ಕಿಂತ ತುಸು ಹೆಚ್ಚು ಪಾಲು ಕೊಂಡಿತು. ಪ್ರತಿಸ್ಪರ್ಧಿಯ ಮನೆ ಸೇರಿದ ಕಂಪನಿಯೊಡನೆ ಜನರಲ್ ಮೋಟಾರ್ಸ್ ಸಂಬಂಧ ಕಡಿದುಕೊಂಡಿತು. ೨೦೧೩ರಲ್ಲಿ ಇ೨ಒ ಎಂಬ ಹೊಸ ಕಾರು ಬಂತು. ೨೦೧೬ರಲ್ಲಿ ಕಂಪನಿಯ ಹೆಸರಿನಿಂದ ರೇವಾ ಎಂಬುದೇ ಮಾಯವಾಯಿತು. ಒಂಬತ್ತನೇ ಕಲಮಿನ ಹೆಸರು ಬದಲಾಗಿತ್ತು.

ಇದನ್ನು ಸೋಲೆನ್ನೋಣವೇ? ನಾನು ಹಾಗೆನ್ನಲಾರೆ. ಒಂಬತ್ತನೇ ಕಲಮಿನ ಹೆಸರು ಜಗತ್ತಿನ ತುಂಬ ಬದಲಾಗುತ್ತಲೇ ಇದೆ. ಇಂಗ್ಲೆಂಡಿನ ಜಾಗ್ವಾರ್ ೨೦೦೮ರಲ್ಲಿ ಟಾಟಾ ಪಾಲಾಯಿತು, ಸ್ವೀಡನ್ನಿನ ವೋಲ್ವೊ ಕಾರುಗಳು ೨೦೧೦ರಲ್ಲಿ ಚೀನಾದ ಗೀಲಿ ಪಾಲಾದವು. ಎಂಜಿ ಎಂಬುದು ಇಂಗ್ಲೆಂಡಿನ ಹಳೆಯ ಹೆಸರು. ಒಡೆತನ ಚೀನಾದ ಕಂಪನಿಯದು. ನಮ್ಮ ದೇಶಕ್ಕೆ ಬೇಕಾದ ಎಂಜಿ ಕಾರುಗಳ ಕಾರ್ಖಾನೆ ಗುಜರಾತಿನ ಹಾಲೋಲ್‌ನಲ್ಲಿದೆ. ಅದರ ಭಾರತದ ವ್ಯವಹಾರದಲ್ಲಿ ಶೇಕಡ ೩೫ ಪಾಲನ್ನು ೨೦೨೩ರ ಒಪ್ಪಂದದಂತೆ ತೆಗೆದುಕೊಂಡದ್ದು ನಮ್ಮ ತೋರಣಗಲ್ಲಿನಲ್ಲಿ ಉಕ್ಕು ತಯಾರಿಸುವ ಜಿಂದಾಲರ ಸಮೂಹ. ಇದನ್ನು ಯಾವ ದೇಶದ ಕಾರೆಂದು ಕರೆಯುವುದು?

ರೇವಾದಲ್ಲಿ ಹನ್ನೆರಡನೇ ಕಲಮು ಬಹಳ ಕಾಲ ನಮ್ಮದೇ ಆಗಿತ್ತು. ಮೋಟರು, ಬ್ಯಾಟರಿಗಳನ್ನು ನಿಭಾಯಿಸುವ ವಿದ್ಯೆಯನ್ನು ಬೆಂಗಳೂರಿನಲ್ಲಿ ಒಂದು ತಲೆಮಾರಿನ ಎಂಜಿನಿಯರರು ಕೈಯಾರೆ ಕಲಿತರು. ಒಡೆಯರ ಹೆಸರು ಬದಲಾದರೂ ಆ ವಿದ್ಯೆ ಅಳಿಯಲಿಲ್ಲ. ಚೇತನ್ ಮೈನಿಯವರು ೨೦೧೭ರಲ್ಲಿ ಸನ್ ಮೊಬಿಲಿಟಿ ಎಂಬ ಮತ್ತೊಂದು ಕಂಪನಿಗೆ ಕೈಹಾಕಿದರು. ಖಾಲಿಯಾದ ಬ್ಯಾಟರಿ ಕೊಟ್ಟು ತುಂಬಿದ್ದನ್ನು ಪಡೆಯುವ ವ್ಯವಸ್ಥೆ ಅವರದು.

ನನಗೆ ಚಿಂತೆ ಹನ್ನೊಂದನೇ ಕಲಮಿನದು. ಮಹೀಂದ್ರ ೨೦೨೪ರ ನವೆಂಬರಿನಲ್ಲಿ ತೋರಿಸಿದ ಹೊಸ ವಿದ್ಯುತ್ ಕಾರುಗಳ ಬ್ಯಾಟರಿ ಕೋಶಗಳು ಚೀನಾದ ಬಿವೈಡಿ ಕಂಪನಿಯವು. ೨೦೨೫ರ ಏಪ್ರಿಲಿನಲ್ಲಿ ಚೀನಾ ಅಪರೂಪದ ಲೋಹಗಳ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ನಮ್ಮ ವಾಹನ ತಯಾರಕರೂ ಗಾಬರಿಯಾದರು. ಮೋಟರಿನ ಒಳಗಿರುವುದು ಅದೇ ಅಯಸ್ಕಾಂತ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಲಿಥಿಯಂ ಇದೆಯೆಂದು ನಾವು ಸಂಭ್ರಮಪಟ್ಟೆವು. ಕೊನೆಗೆ ಹೇಳಿದ ಅಂದಾಜು ೧,೬೦೦ ಟನ್ ಮಾತ್ರ. ಗದ್ದೆಯೂ ನಮ್ಮದು, ದುಡಿಮೆಯೂ ನಮ್ಮದು, ಬೀಜ ಮಾತ್ರ ಬೇರೆಯವರ ಕಣಜದ್ದು ಎಂದಾದರೆ ಅದೂ ಒಂದು ಬಗೆಯ ಗೇಣಿಯೇ.

ಆದ್ದರಿಂದ ಕಾರಿನ ಮೂತಿಯ ಮೇಲಿನ ಹೆಸರು ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಪಹಣಿ ಕೈಗೆ ಬಂದರೆ ನಮ್ಮ ರೈತ ಎಲ್ಲ ಕಲಮುಗಳ ಮೇಲೂ ಬೆರಳಿಟ್ಟು ಓದಿಸಿಕೊಳ್ಳುತ್ತಾನೆ. ಒಂದು ದೇಶವೂ ಅಷ್ಟು ಎಚ್ಚರದಿಂದ ಇರುವುದು ಒಳ್ಳೆಯದು.