ಬ್ರೇಕ್ ಬ್ಲೀಡಿಂಗ್ (ಮೋಟಾರ್ ಸೈಕಲ್)

ಬ್ರೇಕ್ ಬ್ಲೀಡಿಂಗ್ ಎಂಬುದು ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಕೊಳವೆಯೊಳಗೆ ಸೇರಿಕೊಂಡ ಗಾಳಿಯನ್ನು ಹೊರಹಾಕುವ ಕ್ರಿಯೆ. ಒತ್ತಿದಾಗ ಗಾಳಿಯು ದ್ರವಕ್ಕಿಂತ ಬಹಳ ಸುಲಭವಾಗಿ ಕುಗ್ಗುವುದರಿಂದ, ಅದು ಸೇರಿದರೆ ಲಿವರ್ ಮೆತ್ತಗಾಗಿ ಬ್ರೇಕಿನ ಹಿಡಿತ ಕುಂದುತ್ತದೆ. ಡಾಟ್ 4 ಬ್ರೇಕ್ ದ್ರವವು ಕಾಲಕ್ರಮೇಣ ತೇವಾಂಶವನ್ನು ಹೀರುತ್ತದೆ. ಆಗ ಅದರ ಕುದಿಬಿಂದು ಇಳಿಯುತ್ತದೆ. ಬೆಳ್ತಂಗಡಿಯ ಕಡೆಗೆ ಇಳಿಯುವ ಚಾರ್ಮಾಡಿ ಘಾಟಿಯಂತಹ ದೀರ್ಘ ಇಳಿಜಾರಿನಲ್ಲಿ ಹಳೆಯ ದ್ರವವು ಕುದಿದು ಆವಿಯ ಗುಳ್ಳೆಗಳಾದರೆ ಬ್ರೇಕ್ ವಿಫಲವಾಗಬಹುದು.

ವಿಧಾನ

ಕ್ಯಾಲಿಪರಿನ ಬ್ಲೀಡ್ ನಿಪ್ಪಲ್‌ಗೆ ಪಾರದರ್ಶಕ ನಳಿಕೆಯನ್ನು ಜೋಡಿಸಿ, ಅದರ ತುದಿಯನ್ನು ಬ್ರೇಕ್ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಬೇಕು. ಲಿವರನ್ನು ಒತ್ತಿಹಿಡಿದು ನಿಪ್ಪಲ್ಲನ್ನು ಸಡಿಲಿಸಬೇಕು. ಅದನ್ನು ಬಿಗಿಗೊಳಿಸಿದ ಬಳಿಕವೇ ಲಿವರನ್ನು ಬಿಡಬೇಕು. ಇಲ್ಲವಾದರೆ ಗಾಳಿ ಮರಳಿ ಒಳಸೇರುತ್ತದೆ. ಗುಳ್ಳೆಗಳು ನಿಲ್ಲುವವರೆಗೆ ಹೀಗೆ ಮಾಡುತ್ತ, ಮೇಲಿನ ದ್ರವಪಾತ್ರೆ ಬರಿದಾಗದಂತೆ ತುಂಬುತ್ತಿರಬೇಕು. ಲಿವರ್ ಗಟ್ಟಿಯಾಗದಿದ್ದರೆ ವಾಹನವನ್ನು ಚಲಾಯಿಸದೆ ಮೆಕ್ಯಾನಿಕ್‌ಗೆ ತೋರಿಸಬೇಕು.