ಪಕ್ಷಕ್ಕೊಮ್ಮೆ ಬರುತ್ತಿದ್ದ ಅರೆತಲೆನೋವು

ಅರೆತಲೆನೋವಿಗೆ ನಮ್ಮ ಗಡಿನಾಡಿನಲ್ಲಿ ಹೆಸರುಗಳಿಗೆ ಬರವಿಲ್ಲ. ಕನ್ನಡದ ಮನೆಯಲ್ಲಿ ಅರ್ಧ ತಲೆಸಿಡಿತ, ಪಕ್ಕದ ಮಲಯಾಳದ ಮನೆಯಲ್ಲಿ ಚೆನ್ನಿಕುತ್ತ್, ಔಷಧದಂಗಡಿಯಲ್ಲಿ ಮೈಗ್ರೇನ್. ಈ ಮೈಗ್ರೇನ್ ಎಂಬುದೂ ‘ಅರ್ಧ ತಲೆ’ ಎಂಬರ್ಥದ ಗ್ರೀಕ್ ಶಬ್ದ ಸವೆದು ಆದದ್ದೇ. ಹೆಸರುಗಳೆಲ್ಲ ನೋವು ಎಲ್ಲಿ ಎಂದು ಹೇಳುತ್ತವೆ, ಎಷ್ಟು ದಿನಕ್ಕೊಮ್ಮೆ ಎಂದು ಹೇಳುವುದಿಲ್ಲ. ಸುಶ್ರುತ ಸಂಹಿತೆಯಲ್ಲಿ ಆ ಲೆಕ್ಕವೂ ಇದೆ: ಅರ್ಧಾವಭೇದಕವು ಹತ್ತು ದಿನಕ್ಕೋ, ಪಕ್ಷಕ್ಕೋ, ಇಲ್ಲವೇ ಅಕಸ್ಮಾತ್ತಾಗಿಯೋ ಬರುತ್ತದಂತೆ.

ನಡುವಿನ ಆ ಬಿಡುವಿನ ದಿನಗಳೇ ಇಲ್ಲವಾದರೆ?

1918ರಲ್ಲಿ ಸ್ವಿಟ್ಜರ್ಲೆಂಡಿನ ಆರ್ಥರ್ ಸ್ಟೋಲ್ ಅವರು ಎರ್ಗಟ್ ಎಂಬ ಶಿಲೀಂಧ್ರದಿಂದ ಎರ್ಗೊಟಮಿನ್ ಬೇರ್ಪಡಿಸಿದರು. ಮೈಗ್ರೇನಿಗೆ ಅದು ದೊಡ್ಡ ಮದ್ದಾಯಿತು. ಆದರೆ 1951ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಪೀಟರ್ಸ್ ಮತ್ತು ಹಾರ್ಟನ್ ವಿಚಿತ್ರವೊಂದನ್ನು ಬರೆದರು. ಆ ಮದ್ದನ್ನು ದಿನವೂ ತೆಗೆದುಕೊಂಡವರಿಗೆ ತಲೆನೋವೂ ದಿನವೂ ಬರುತ್ತಿತ್ತು, ಮದ್ದು ಬಿಟ್ಟಾಗ ಕಡಿಮೆಯಾಗುತ್ತಿತ್ತು! 1982ರಲ್ಲಿ ಹ್ಯೂಸ್ಟನ್‌ನಲ್ಲಿದ್ದ ಭಾರತೀಯ ಮೂಲದ ವೈದ್ಯ ನೈನಾನ್ ಮ್ಯಾಥ್ಯೂ ಮತ್ತು ಸಂಗಡಿಗರು ನಿತ್ಯ ತಲೆನೋವಿನವರ ಹಿಂದಿನ ಕಥೆ ಕೇಳುತ್ತಾ ಹೋದರು. ಹಲವರಿಗೆ ಅದು ಮೊದಲು ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ಮೈಗ್ರೇನೇ ಆಗಿತ್ತು. ರೂಪ ಬದಲಾಗಲು ನೋವಿನ ಮಾತ್ರೆಗಳ ಅತಿಬಳಕೆ ಒಂದು ಮುಖ್ಯ ಕಾರಣವೆಂದು ಅವರು ತೋರಿಸಿದರು. ಕಾರಣ ಅದೊಂದೇ ಅಲ್ಲ, ಮನಸ್ಸಿನ ಒತ್ತಡವೂ ಉಂಟು.

1988ರ ಅಂತಾರಾಷ್ಟ್ರೀಯ ತಲೆನೋವು ವರ್ಗೀಕರಣದಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿರಲಿಲ್ಲ. 2004ರ ಪಟ್ಟಿಯಲ್ಲಿ ‘ದೀರ್ಘಕಾಲಿಕ ಮೈಗ್ರೇನ್’ ಬಂತು, ಅದೂ ಮೈಗ್ರೇನಿನ ತೊಡಕುಗಳ ಸಾಲಿನಲ್ಲಿ. 2013ರಲ್ಲಷ್ಟೇ ಅದಕ್ಕೆ ಸ್ವಂತ ಜಾಗ ಸಿಕ್ಕಿತು. ಈಗಿನ ಲೆಕ್ಕ ಹೀಗೆ: ಮೂರು ತಿಂಗಳಿಗೂ ಹೆಚ್ಚು ಕಾಲ, ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವು, ಅದರಲ್ಲಿ 8 ದಿನವಾದರೂ ಮೈಗ್ರೇನಿನ ಲಕ್ಷಣ. ಹಾಜರಿ ಪುಸ್ತಕ ತುಂಬುವ ನಮಗೆ ಈ ಲೆಕ್ಕ ಕಷ್ಟವಲ್ಲ. ಆದರೆ ನಮ್ಮ ಅಧ್ಯಾಪಕರ ಕೋಣೆಗಳಲ್ಲಿ ಮಾತ್ರೆಯ ಪಟ್ಟಿಗಳು ಕೈಯಿಂದ ಕೈಗೆ ಹೋಗುತ್ತವೆ, ಎಷ್ಟು ನುಂಗಿದೆವೆಂದು ಯಾರೂ ಬರೆದಿಡುವುದಿಲ್ಲ. ಸಾಮಾನ್ಯ ನೋವಿನ ಮಾತ್ರೆಯಾದರೂ ತಿಂಗಳಿಗೆ 15 ದಿನ, ಎರ್ಗೊಟಮಿನ್‌ನಂಥದ್ದಾದರೆ 10 ದಿನ ತೆಗೆದುಕೊಳ್ಳುತ್ತಾ ಮೂರು ತಿಂಗಳು ದಾಟಿದರೆ ಅದನ್ನು ಅತಿಬಳಕೆಯೆಂದೇ ಎಣಿಸುತ್ತಾರೆ.

ವಯಸ್ಸೂ ಇದರ ರೂಪ ಬದಲಿಸುತ್ತದೆ. ಎಳೆಯ ಮಕ್ಕಳಲ್ಲಿ ಗಂಡು ಹೆಣ್ಣೆಂಬ ಭೇದ ಹೆಚ್ಚಿಲ್ಲ. ದೊಡ್ಡವರಾದ ಮೇಲೆ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು. ಮುಪ್ಪಿನಲ್ಲಿ ಹಲವರಿಗೆ ನೋವು ತಗ್ಗುತ್ತದೆ. ನಿತ್ಯದ ನೋವಾಗಿ ಬೆಳೆದದ್ದೂ ಮತ್ತೆ ಆಗೊಮ್ಮೆ ಈಗೊಮ್ಮೆ ಬರುವ ನೋವಾಗಿ ಹಿಂದಿರುಗುವುದುಂಟು. ಅತಿಯಾದ ಮಾತ್ರೆ ಬಿಟ್ಟ ಮೊದಲ ದಿನಗಳಲ್ಲಿ ಮಾತ್ರ ನೋವು ಇನ್ನೂ ಕೆರಳುವುದರಿಂದ, ಬಿಡುವ ಕೆಲಸವನ್ನು ವೈದ್ಯರ ಕಣ್ಣಳತೆಯಲ್ಲೇ ಮಾಡಿಸುತ್ತಾರೆ.