ಕೋರಿಕೆ–ಉತ್ತರಗಳ ಒಕ್ಕಣೆಯ ದಾಖಲೆ

ಪತ್ರ ಹೋಯಿತು, ಉತ್ತರ ಬಂದಿತು ಎಂದು ಗುರುತು ಹಾಕಿಡುವುದು ಒಂದು ಕ್ರಮ. ಎರಡರ ಒಕ್ಕಣೆಯನ್ನೂ ಅಕ್ಷರಶಃ ಬರೆದಿಡುವುದು ಮತ್ತೊಂದು. ಇತಿಹಾಸಕಾರನಿಗೆ ಇವುಗಳ ಅಂತರ ಅಲ್ಪವಾದುದಲ್ಲ.

೧೭೯೧ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಸೂರೆಗೊಂಡಾಗ ಮಠಾಧಿಪತಿಗಳಾಗಿದ್ದ ಮೂರನೆಯ ಸಚ್ಚಿದಾನಂದ ಭಾರತೀ ಸ್ವಾಮಿಗಳು ಟಿಪ್ಪು ಸುಲ್ತಾನನಿಗೆ ಪತ್ರ ಬರೆದು ನೆರವು ಕೇಳಿದರು. ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡುಹಿಡಿದ ಕನ್ನಡ ಪತ್ರಗಳಲ್ಲಿ ಸುಲ್ತಾನನ ಉತ್ತರವಿದೆ. ಬಂದ ಪತ್ರದ ವಿಷಯವನ್ನು ಮೊದಲು ಅನುವಾದಿಸಿ ಅನಂತರ ತನ್ನ ಮಾತನ್ನು ಹೇಳುವುದು ಅಂದಿನ ಪತ್ರಲೇಖನದ ರೂಢಿ. ಹೀಗಾಗಿ ಶ್ರೀಗಳು ಏನು ಬರೆದರೆಂಬುದರ ಸಾರ ಉತ್ತರದೊಳಗೇ ಉಳಿದುಬಂದಿದೆ. ಆದರೆ ಸಾರವು ಮೂಲವಲ್ಲ. ಉತ್ತರ ಕೊಡುವವನು ಬಿಟ್ಟುದು ಬಿಟ್ಟೇಹೋಗುತ್ತದೆ.

ನೇತ್ರಾವತಿಯ ತೀರದ ನರಿಕೊಂಬು ಸೇರಿದ್ದ ಕೆನರಾ ಸೀಮೆ ೧೭೯೯ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಅಲ್ಲಿಗೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ತನ್ನ ವರದಿಗಳನ್ನು ಮದರಾಸಿನ ರೆವಿನ್ಯೂ ಬೋರ್ಡಿಗೆ ಕಳುಹಿಸುತ್ತಿದ್ದನು. ೧೭೮೬ರಲ್ಲಿ ಸ್ಥಾಪಿತವಾದ ಆ ಬೋರ್ಡಿನ ಪದ್ಧತಿ ಬೇರೆ. ಬಂದ ಪತ್ರವನ್ನು ನಡವಳಿ ಪುಸ್ತಕದಲ್ಲಿ ಇಡಿಯಾಗಿ ನಕಲು ಮಾಡಿಸಿ, ಅದರೊಡನೆ ತನ್ನ ನಿರ್ಣಯವನ್ನೂ ಉತ್ತರವನ್ನೂ ಬರೆಯಿಸುತ್ತಿದ್ದಿತು. ನಡವಳಿಯ ಮತ್ತೊಂದು ಪ್ರತಿ ಲಂಡನ್ನಿಗೆ ಹೋಗುತ್ತಿತ್ತು: ತಿಂಗಳುಗಟ್ಟಲೆ ಹಡಗಿನ ಹಾದಿಯಾಚೆ ಇದ್ದ ನಿರ್ದೇಶಕರಿಗೆ ನಡೆದುದನ್ನು ಪರೀಕ್ಷಿಸಲು ಬೇರೆ ಉಪಾಯವಿರಲಿಲ್ಲ. ನಕಲು ಮಾಡಿದ ಗುಮಾಸ್ತರ ಶ್ರಮವನ್ನು ಯಾರೂ ದಾಖಲಿಸಿದಂತಿಲ್ಲ! ಕೆನರಾದ ಭೂಮಿ ಒಕ್ಕಲಿನ ಖಾಸಗಿ ಸ್ವತ್ತೆಂದು ಮನ್ರೋ ೧೮೦೦ರಲ್ಲಿ ಮಂಡಿಸಿದ ವಾದವನ್ನು ಇಂದು ಅವನ ಮಾತಿನಲ್ಲಿಯೇ ಓದಲು ಸಾಧ್ಯವಾಗಿರುವುದು ಇಂತಹ ಪದ್ಧತಿಯ ಫಲ.

ಗಣಕಯಂತ್ರಗಳ ನಡುವಣ ಎಚ್‌ಟಿಟಿಪಿ ವ್ಯವಹಾರದಲ್ಲಿಯೂ ಇದೇ ಪ್ರಶ್ನೆ ಎದ್ದಿದೆ. ೧೯೯೦ರ ದಶಕದಿಂದ ಸರ್ವರುಗಳು ಇಟ್ಟುಬಂದ ಸಾಮಾನ್ಯ ದಾಖಲೆಯಲ್ಲಿ ಕೇಳಿದವರ ವಿಳಾಸ, ವೇಳೆ, ಕೋರಿಕೆಯ ಮೊದಲ ಸಾಲು, ಫಲಿತಾಂಶದ ಸಂಖ್ಯೆ, ಉತ್ತರದ ಗಾತ್ರ ಮುಂತಾದವಷ್ಟೇ ಇರುತ್ತವೆ. ಇದು ಕಚೇರಿಯ ಆವಕ–ಜಾವಕ ಪುಸ್ತಕದಂತೆ. ಕೋರುವ ಕಡೆಯ ತಂತ್ರಾಂಶಕ್ಕೆ ಜೋಡಿಸುವ ಪ್ಲಗಿನ್ನುಗಳು, ಉದಾಹರಣೆಗೆ ಕೇಟಾರ್‌ನಲ್ಲಿರುವುದು, ಅಪೇಕ್ಷಿಸಿದರೆ ಎರಡು ಒಕ್ಕಣೆಗಳನ್ನೂ ಬರೆದಿಡುತ್ತವೆ. ಉತ್ತರವು ಹರಿಯುವ ನೀರಿನಂತೆ ಬರುವುದರಿಂದ, ದಾಖಲೆಗೆಂದು ಒಮ್ಮೆ ಓದಿ ಮುಗಿಸಿದರೆ ಕೇಳಿದವನಿಗೆ ಏನೂ ಉಳಿಯದು. ಮೊದಲೇ ಪ್ರತಿ ಮಾಡಿಕೊಳ್ಳಬೇಕು. ಗುಟ್ಟಿನ ಮಾತು ಇನ್ನೂ ಕಠಿನ. ತಲೆಬರಹದಲ್ಲಿರುವ ಗುಪ್ತ ಸಂಕೇತವನ್ನು ಮರೆಮಾಡುವ ಏರ್ಪಾಡು ಕೇಟಾರ್‌ನಲ್ಲಿ ಉಂಟು. ಒಕ್ಕಣೆಯೊಳಗಿನ ಗುಟ್ಟನ್ನು ಅದು ಮುಟ್ಟದು. ಕಂಪನಿಯವರಾದರೋ ರಹಸ್ಯ ವ್ಯವಹಾರಗಳಿಗೆ ಪ್ರತ್ಯೇಕ ಇಲಾಖೆಯನ್ನೂ ಪ್ರತ್ಯೇಕ ನಡವಳಿಗಳನ್ನೂ ಇಟ್ಟಿದ್ದರು.